ವಿಶ್ವವಿದ್ಯಾನಿಲಯದಲ್ಲಿ ವಿದ್ಯುನ್ಮಾನ ಸಾಹಿತ್ಯದ ಅಧ್ಯಯನ: ಪಾಠನಿರ್ಣಯದ ವಿಚಾರ

೧. ವಿಷಯಪ್ರವೇಶ

ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಮೂಡುಬಿದಿರೆಗೆ ಸಮೀಪವಾಗಿರುವ ತೋಡಾರು ಗ್ರಾಮದಲ್ಲಿ ಈಗ ತಾಂತ್ರಿಕ ಮಹಾವಿದ್ಯಾಲಯವೊಂದಿದ್ದು, ಅಲ್ಲಿ ಗಣಕಯಂತ್ರದ ಶಾಸ್ತ್ರವನ್ನು ಬೋಧಿಸಲಾಗುತ್ತಿದೆ. ಅಲ್ಲಿಂದ ಕೆಲವೇ ಮೈಲಿಗಳ ದೂರದಲ್ಲಿ, ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ, ಧವಲ, ಜಯಧವಲ, ಮಹಾಧವಲಗಳೆಂಬ ಜೈನ ಸಿದ್ಧಾಂತ ಗ್ರಂಥಗಳ ತಾಳೆಯೋಲೆಗಳು ಶತಮಾನಗಳ ಕಾಲ ರಕ್ಷಿತವಾಗಿ ಬಂದುವು. ಒಂದೆಡೆ ಅಕ್ಷರವನ್ನು ಅಂಕೆಯಾಗಿ ಮಾರ್ಪಡಿಸಿ ಯಂತ್ರದಲ್ಲಿ ನಿಲ್ಲಿಸುವ ವಿದ್ಯೆ; ಇನ್ನೊಂದೆಡೆ ಕಂಟದಿಂದ ಓಲೆಯ ಮೇಲೆ ಕೊರೆದ ಅಕ್ಷರವನ್ನು ಕಾಪಾಡಿ, ಓದಿ, ಪ್ರತಿಮಾಡುವ ವಿದ್ಯೆ. ಇವೆರಡಕ್ಕೂ ಸಂಬಂಧವಿಲ್ಲವೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಆದರೆ ವಿದ್ಯುನ್ಮಾನ ಸಾಹಿತ್ಯವೆಂದು ಕರೆಯಲ್ಪಡುವ ನೂತನ ವಾಙ್ಮಯಪ್ರಕಾರವನ್ನು ವಿಶ್ವವಿದ್ಯಾನಿಲಯದಲ್ಲಿ ಅಭ್ಯಸಿಸಹೊರಟವರಿಗೆ ಇವೆರಡೂ ಸಮಾನವಾಗಿ ಅಗತ್ಯವಾಗುತ್ತವೆ.

ಮೊದಲು ಪದದ ಅರ್ಥವನ್ನು ನಿಷ್ಕರ್ಷಿಸಿಕೊಳ್ಳಬೇಕು. ಪಂಪಭಾರತವನ್ನು ಗಣಕದ ತೆರೆಯ ಮೇಲೆ ಓದಿದ ಮಾತ್ರಕ್ಕೆ ಅದು ವಿದ್ಯುನ್ಮಾನ ಸಾಹಿತ್ಯವಾಗುವುದಿಲ್ಲ. ಓಲೆಯಿಂದ ಕಾಗದಕ್ಕೆ ಬಂದಂತೆ ಅದು ಕಾಗದದಿಂದ ತೆರೆಗೆ ಬಂದಿತು, ಅಷ್ಟೇ. ಗಣಕದ ವ್ಯಾಪಾರವನ್ನೇ ತನ್ನ ರಚನೆಯ ಅಂಗವಾಗಿ ಮಾಡಿಕೊಂಡ, ಆದುದರಿಂದ ಕಾಗದದ ಮೇಲೆ ಅಚ್ಚುಹಾಕಿದರೆ ತನ್ನ ಸ್ವರೂಪವನ್ನು ಕಳೆದುಕೊಳ್ಳುವ ಕೃತಿಯೇ ವಿದ್ಯುನ್ಮಾನ ಸಾಹಿತ್ಯ. ಇಂತಹ ಕೃತಿಯನ್ನು ಕುರಿತು ಸಾಹಿತ್ಯದ ಅಧ್ಯಾಪಕರು ಕೇಳಬೇಕಾದ ಪ್ರಥಮ ಪ್ರಶ್ನೆ, ಅದು ಶ್ರೇಷ್ಠವೋ ಸಾಮಾನ್ಯವೋ ಎಂಬುದಲ್ಲ. ಅದರ ಪಾಠ ಯಾವುದು ಎಂಬುದು. ಪಾಠವು ನಿಶ್ಚಿತವಾಗದೆ ವಿಮರ್ಶೆಯು ಆರಂಭವಾಗಲಾರದು.

೨. ಕೃತಿಗಳ ಪ್ರಭೇದಗಳು

ಈ ಪ್ರಕಾರದ ಇತಿಹಾಸವು ಬಹು ದೀರ್ಘವಾದುದಲ್ಲ. ೧೯೫೨ರಲ್ಲಿ ಕ್ರಿಸ್ಟಫರ್ ಸ್ಟ್ರೇಚಿ ಎಂಬವರು ಮ್ಯಾಂಚೆಸ್ಟರಿನ ಗಣಕದಿಂದ ಪ್ರೇಮಪತ್ರಗಳನ್ನು ಬರೆಯಿಸಿದರು. ವಾಕ್ಯದ ಚೌಕಟ್ಟನ್ನು ಮೊದಲೇ ಕಟ್ಟಿಟ್ಟು, ಖಾಲಿ ಸ್ಥಾನಗಳಿಗೆ ಪದಪಟ್ಟಿಯಿಂದ ಯಾದೃಚ್ಛಿಕವಾಗಿ ಪದಗಳನ್ನು ಆಯ್ದು ತುಂಬುವುದೇ ಅಲ್ಲಿನ ಕ್ರಮ. ಇದು ಮೊದಲನೆಯ ಪ್ರಭೇದ. ಯಂತ್ರರಚಿತ ಪಾಠವೆಂದು ಇದನ್ನು ಕರೆಯಬಹುದು. ೧೯೭೦ರ ದಶಕದ ಉತ್ತರಾರ್ಧದಲ್ಲಿ ವಿಲ್ ಕ್ರೌಥರ್ ಮತ್ತು ಡಾನ್ ವುಡ್ಸ್ ಅವರು ರಚಿಸಿದ 'ಅಡ್ವೆಂಚರ್' ಎಂಬುದು ಎರಡನೆಯ ಪ್ರಭೇದಕ್ಕೆ ಮೂಲ. ಇಲ್ಲಿ ಓದುಗನು ಆಜ್ಞೆಯನ್ನು ಬೆರಳಚ್ಚು ಮಾಡಿದರೆ ಯಂತ್ರವು ಅದಕ್ಕೆ ತಕ್ಕ ವರ್ಣನೆಯನ್ನು ತೋರುವುದು. ಪ್ರಶ್ನೋತ್ತರರೂಪದಲ್ಲಿ ಕಥೆಯು ಮುಂದುವರಿಯುವುದು.

ಮೂರನೆಯದು ಕೊಂಡಿಗಳುಳ್ಳ ಪಾಠ. ಹೈಪರ್‌ಟೆಕ್ಸ್ಟ್ ಎಂಬ ಇದರ ಇಂಗ್ಲಿಷ್ ಹೆಸರನ್ನು ಟೆಡ್ ನೆಲ್ಸನ್ ೧೯೬೫ರಲ್ಲಿ ಬಳಕೆಗೆ ತಂದರು. ಈ ಬಗೆಯ ಕಥನಗಳಲ್ಲಿ ಮೈಕೆಲ್ ಜಾಯ್ಸ್ ಅವರ 'ಆಫ್ಟರ್‌ನೂನ್' ಸುಪ್ರಸಿದ್ಧವಾದುದು. ೧೯೮೭ರಲ್ಲಿ ವಿದ್ವಾಂಸರ ಮುಂದೆ ಪ್ರದರ್ಶಿತವಾದ ಈ ಕೃತಿ ೧೯೯೦ರಲ್ಲಿ ಪ್ರಕಟವಾಯಿತು. ಬೆಳಗ್ಗೆ ದಾರಿಯಲ್ಲಿ ಕಂಡ ಅಪಘಾತದಲ್ಲಿ ಮಡಿದವರು ತನ್ನ ಮಗನೂ ವಿಚ್ಛೇದಿತ ಪತ್ನಿಯೂ ಆಗಿರಬಹುದೆಂದು ಶಂಕಿಸುವ ಒಬ್ಬ ತಂದೆಯ ಕಥೆ ಅದು. ಅದರಲ್ಲಿ ೫೩೯ ಖಂಡಗಳೂ ಅವುಗಳನ್ನು ಪರಸ್ಪರ ಜೋಡಿಸುವ ೯೫೧ ಕೊಂಡಿಗಳೂ ಇವೆಯೆಂದು ಲೆಕ್ಕ. ಓದುಗನು ಒಂದು ಖಂಡದಲ್ಲಿ ಯಾವ ಪದವನ್ನು ಒತ್ತುವನೋ ಅದನ್ನನುಸರಿಸಿ ಮುಂದಿನ ಖಂಡ ತೆರೆಯುತ್ತದೆ. ಇದಕ್ಕಿಂತಲೂ ಗಮನಾರ್ಹವಾದ ಏರ್ಪಾಡು ಮತ್ತೊಂದುಂಟು. ಕೆಲವು ಕೊಂಡಿಗಳಿಗೆ ಕಾವಲಿನಂತಿರುವ ನಿಯಮಗಳಿವೆ: ಇಂತಹ ಖಂಡವನ್ನು ಮೊದಲು ಓದಿರದವನಿಗೆ ಇಂತಹ ಕೊಂಡಿಯು ತೆರೆಯಲಾರದು. ಹೀಗಾಗಿ ತಂದೆಯು ಎದುರಿಸಲು ಹಿಂಜರಿಯುವ ವಿಷಯವು ಓದುಗನಿಗೂ ಬೇಗನೆ ದೊರಕುವುದಿಲ್ಲ. ಅಪಘಾತದ ಸತ್ಯವನ್ನು ಅರಸುತ್ತ ಒಂದೇ ಖಂಡಕ್ಕೆ ಮರಳಿ ಮರಳಿ ಬರುವ ಓದುಗನಿಗೆ, ಮಾತು ಬದಲಾಗದಿದ್ದರೂ ಅರ್ಥವು ಬದಲಾಗುತ್ತ ಹೋಗುವುದು. ಇಲ್ಲಿ ಯಂತ್ರದ ನಿಯಮವೇ ಭಾವಕ್ಕೆ ಸಾಧನವಾಗಿದೆ. ಅದನ್ನು ಕೇವಲ ಚಮತ್ಕಾರವೆಂದು ತಳ್ಳಿಹಾಕಲಾಗದು.

೩. ಪೂರ್ವಪರಂಪರೆಯ ಬೆಳಕು

ಒಂದೇ ಅಕ್ಷರರಾಶಿಯಿಂದ ಓದಿನ ಕ್ರಮಭೇದದಿಂದಾಗಿ ಬೇರೆ ಬೇರೆ ಪಾಠಗಳು ಹೊರಡುವುದು ಭಾರತೀಯ ಅಲಂಕಾರಶಾಸ್ತ್ರಕ್ಕೆ ಅಪೂರ್ವವೇನಲ್ಲ. ದಂಡಿಯ ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಗೋಮೂತ್ರಿಕೆ, ಅರ್ಧಭ್ರಮ, ಸರ್ವತೋಭದ್ರ ಮುಂತಾದ ಬಂಧಗಳು ನಿರೂಪಿತವಾಗಿವೆ. ಕನ್ನಡದಲ್ಲಿ ಇದಕ್ಕೆ ಅತ್ಯಂತ ವಿಲಕ್ಷಣವಾದ ಉದಾಹರಣೆ ಕುಮುದೇಂದುವಿನ ಹೆಸರಿನಲ್ಲಿರುವ ಸಿರಿಭೂವಲಯ. ಯಲ್ಲಪ್ಪ ಶಾಸ್ತ್ರಿಗಳು ಮತ್ತು ಕರ್ಲಮಂಗಲಂ ಶ್ರೀಕಂಠಯ್ಯನವರ ಪ್ರಯತ್ನದಿಂದ ೧೯೫೩ರಲ್ಲಿ ಪ್ರಕಟವಾದ ಈ ಗ್ರಂಥದಲ್ಲಿ ಅಕ್ಷರಗಳೇ ಇಲ್ಲ. ೧ರಿಂದ ೬೪ರವರೆಗಿನ ಅಂಕೆಗಳಿವೆ. ಅಡ್ಡಕ್ಕೆ ೨೭, ಉದ್ದಕ್ಕೆ ೨೭, ಒಟ್ಟು ೭೨೯ ಮನೆಗಳುಳ್ಳ ಚಕ್ರಗಳಲ್ಲಿ ಅಂಕೆಗಳನ್ನು ತುಂಬಿದೆ. ನಿರ್ದಿಷ್ಟ ಬಂಧದ ನಡೆಯನ್ನು ಅರಿತು ಮನೆಯಿಂದ ಮನೆಗೆ ಸಾಗಿದರೆ ಸಾಂಗತ್ಯ ಪದ್ಯಗಳು ದೊರಕುತ್ತವೆ. ಗ್ರಂಥದ ಕಾಲವಿಚಾರದಲ್ಲಿ ವಿದ್ವಾಂಸರಲ್ಲಿ ತೀವ್ರ ಭಿನ್ನಾಭಿಪ್ರಾಯವಿದೆ. ಅದರ ಬಗೆಗೆ ಮಾಡಲಾಗಿರುವ ಅತಿಶಯದ ಹೇಳಿಕೆಗಳೆಲ್ಲವನ್ನೂ ಒಪ್ಪಬೇಕಾಗಿಲ್ಲ. ಆದರೂ ಪ್ರಕೃತ ವಿಷಯಕ್ಕೆ ಅದರಿಂದ ಒಂದು ತಿಳಿವಳಿಕೆ ನಿಶ್ಚಯವಾಗಿ ದೊರಕುತ್ತದೆ: ಮನೆಗಳಲ್ಲಿ ಇರುವುದು ಒಂದು, ಓದುಗನಿಗೆ ಕಾಣುವುದು ಇನ್ನೊಂದು, ಇದರಿಂದ ಅದನ್ನು ಹೊರಡಿಸುವ ನಡೆಯು ಮತ್ತೊಂದು.

ನಾರ್ವೆ ದೇಶದ ವಿದ್ವಾಂಸರಾದ ಎಸ್ಪೆನ್ ಆರ್ಸೆತ್ ಅವರು ೧೯೯೭ರಲ್ಲಿ ಪ್ರಕಟಿಸಿದ 'ಸೈಬರ್‌ಟೆಕ್ಸ್ಟ್' ಎಂಬ ಗ್ರಂಥದಲ್ಲಿ ಪ್ರತಿಪಾದಿಸಿರುವುದೂ ಇದೇ ತ್ರಿಪುಟಿಯನ್ನು. ಕೃತಿಯೊಳಗೆ ಅಡಗಿರುವ ಪದಸಮೂಹ, ಓದುಗನ ಕಣ್ಣಿಗೆ ಬೀಳುವ ಪದಸಮೂಹ, ಮೊದಲನೆಯದರಿಂದ ಎರಡನೆಯದನ್ನು ಉಂಟುಮಾಡುವ ನಿಯಮ, ಎಂದು ಅವರು ವಿಭಾಗಿಸುತ್ತಾರೆ. ಅಚ್ಚಾದ ಕಾದಂಬರಿಯಲ್ಲಿ ಮೊದಲೆರಡೂ ಒಂದೇ ಆಗಿರುವುದರಿಂದ ಮೂರನೆಯದು ನಮ್ಮ ಗಮನಕ್ಕೆ ಬಾರದು. ವಿದ್ಯುನ್ಮಾನ ಕೃತಿಯಲ್ಲಿ ಇವು ಬೇರ್ಪಡುತ್ತವೆ. ಆದುದರಿಂದ ವಿದ್ಯಾರ್ಥಿಯು ತಾನು ವಿವೇಚಿಸುತ್ತಿರುವುದು ಈ ಮೂರರಲ್ಲಿ ಯಾವುದನ್ನು ಎಂಬುದನ್ನು ಮೊದಲೇ ಹೇಳಬೇಕಾಗುವುದು.

೪. ಪಾಡ್ದನಸಂಗ್ರಹದಿಂದ ದೊರಕುವ ವಿಧಾನ

ಈ ಮೂರನ್ನು ಬಿಡಿಸಿ ನೋಡುವ ಕಾರ್ಯದಲ್ಲಿ ತುಳುನಾಡಿನ ಜಾನಪದ ಸಂಶೋಧನೆಯು ಅಮೂಲ್ಯವಾದ ಮಾದರಿಯನ್ನು ಒದಗಿಸಿದೆ. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ೧೯೯೦ರಲ್ಲಿ ಹಾಡಿದ ಸಿರಿ ಪಾಡ್ದನವನ್ನು ಫಿನ್‌ಲೆಂಡಿನ ಲೌರಿ ಹಾಂಕೊ, ಅನೆಲಿ ಹಾಂಕೊ, ಮಂಗಳೂರು ವಿಶ್ವವಿದ್ಯಾನಿಲಯದ ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಇವರುಗಳು ಸೇರಿ ಧ್ವನಿಮುದ್ರಿಸಿ, ಲಿಪಿಗಿಳಿಸಿ, ೧೯೯೮ರಲ್ಲಿ ಪ್ರಕಟಿಸಿದರು. ಅದು ೧೫,೬೮೩ ಸಾಲುಗಳ ಮಹಾಕಾವ್ಯ. ಅದರೊಡನೆ ಪ್ರಕಟವಾದ ಮತ್ತೊಂದು ಸಂಪುಟದಲ್ಲಿ, ಹಾಡು ಗ್ರಂಥವಾದ ಬಗೆಯನ್ನೇ ಹಾಂಕೊ ಅವರು ವಿವರಿಸಿದ್ದಾರೆ.

ಗಾಯಕನು ಬಾಯಿಪಾಠ ಮಾಡಿದ ಸಾಲುಗಳನ್ನು ಒಪ್ಪಿಸುತ್ತಿರಲಿಲ್ಲವೆಂಬುದು ಅಲ್ಲಿನ ಮುಖ್ಯ ನಿರ್ಣಯ. ಅವನ ಮನಸ್ಸಿನಲ್ಲಿ ಕಥಾಂಶಗಳು, ಪುನರಾವೃತ್ತಿಯ ನುಡಿಗಟ್ಟುಗಳು, ಅವುಗಳನ್ನು ಹೆಣೆಯುವ ಕ್ರಮಗಳು ಇರುತ್ತವೆ. ಇದನ್ನು ಹಾಂಕೊ ಅವರು ಮನಃಪಾಠವೆಂಬ ಅರ್ಥದ ಮಾತಿನಿಂದ ಕರೆದರು. ಸಂದರ್ಭವನ್ನು ನೋಡಿಕೊಂಡು ಗಾಯಕನು ಅದನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಹೀಗಿರುವಾಗ, ಪ್ರಕಟವಾದ ೧೫,೬೮೩ ಸಾಲುಗಳು ಸಿರಿ ಪಾಡ್ದನದ ಏಕೈಕ ಪಾಠವಲ್ಲ. ಒಬ್ಬ ಗಾಯಕನು ಒಂದು ಕಾಲದಲ್ಲಿ, ಇಂತಹ ಶ್ರೋತೃಗಳ ಮುಂದೆ ಹಾಡಿದ ಒಂದು ಪಾಠ. ಸಂಪಾದಕರು ಇದನ್ನು ಮರೆಮಾಚದೆ ಗಾಯಕ, ಸ್ಥಳ, ಕಾಲ, ಸನ್ನಿವೇಶಗಳನ್ನು ದಾಖಲಿಸಿದ್ದರಿಂದಲೇ ಆ ಗ್ರಂಥಕ್ಕೆ ಶಾಸ್ತ್ರೀಯ ಪ್ರಾಮಾಣ್ಯವುಂಟಾಯಿತು.

ವಿದ್ಯುನ್ಮಾನ ಕಥನಕ್ಕೂ ಇದೇ ನ್ಯಾಯವು ಸಲ್ಲುವುದು. 'ಆಫ್ಟರ್‌ನೂನ್' ಕೃತಿಯ ಖಂಡಗಳೂ ಕೊಂಡಿಗಳೂ ಕಾವಲಿನ ನಿಯಮಗಳೂ ಮನಃಪಾಠದ ಸ್ಥಾನದಲ್ಲಿವೆ. ಒಬ್ಬ ಓದುಗನು ಒಂದು ಸಲ ನಡೆದ ಹಾದಿಯು ಪ್ರಯೋಗದ ಸ್ಥಾನದಲ್ಲಿದೆ. ವ್ಯತ್ಯಾಸವಿಲ್ಲವೆಂದಲ್ಲ. ಪಾಡ್ದನದಲ್ಲಿ ಪಾಠವನ್ನು ಹೊಂದಿಸುವವನು ಪರಂಪರೆಯನ್ನು ಬಲ್ಲ ಗಾಯಕ. ಇಲ್ಲಿಯಾದರೋ ಕೃತಿಯನ್ನು ಅರಿಯದ ಓದುಗ. ಆದುದರಿಂದ ಓದುಗನೇ ಕರ್ತೃವಾದನೆಂದು ಹೇಳುವ ಮಾತನ್ನು ಎಚ್ಚರಿಕೆಯಿಂದ ಗ್ರಹಿಸಬೇಕು. ತಾಳಮದ್ದಳೆಯ ಅರ್ಥಧಾರಿಗೆ ಮಾತಿನ ಸ್ವಾತಂತ್ರ್ಯವುಂಟು, ಪ್ರಸಂಗದ ಕಥೆಯನ್ನು ತಿದ್ದುವ ಸ್ವಾತಂತ್ರ್ಯವಿಲ್ಲ. ಕೊಂಡಿಕಥನದ ಓದುಗನಿಗೆ ಹಾದಿಯನ್ನು ಆರಿಸುವ ಸ್ವಾತಂತ್ರ್ಯವುಂಟು, ಒಂದು ಮಾತನ್ನೂ ಸೇರಿಸುವ ಸ್ವಾತಂತ್ರ್ಯವಿಲ್ಲ. ಹಾದಿಗಳನ್ನು ಕಡಿದವನು ಕವಿಯೇ.

೫. ಕನ್ನಡದಲ್ಲಿ ರಚನೆಯ ಪ್ರಶ್ನೆ

ಇನ್ನು ಕನ್ನಡದಲ್ಲಿ ಇಂತಹ ಕೃತಿಗಳನ್ನು ರಚಿಸುವಾಗ ಭಾಷೆಯ ಸ್ವಭಾವದಿಂದಲೇ ಹುಟ್ಟುವ ತೊಡಕುಗಳನ್ನು ಪರಿಶೀಲಿಸಬೇಕು. ಸ್ಟ್ರೇಚಿಯವರ ಕ್ರಮವು ಇಂಗ್ಲಿಷಿನಲ್ಲಿ ನಡೆಯಲು ಕಾರಣ, ಆ ಭಾಷೆಯ ನಾಮಪದಗಳು ವಾಕ್ಯದ ಸ್ಥಾನವನ್ನನುಸರಿಸಿ ಹೆಚ್ಚಾಗಿ ರೂಪವನ್ನು ಬದಲಿಸದೆ ಇರುವುದು. ಕನ್ನಡದಲ್ಲಿ 'ಮರ' ಎಂಬುದಕ್ಕೆ ದ್ವಿತೀಯೆಯು ಸೇರಿದರೆ 'ಮರವನ್ನು', 'ಮನೆ' ಎಂಬುದಕ್ಕೆ ಸೇರಿದರೆ 'ಮನೆಯನ್ನು', 'ಊರು' ಎಂಬುದಕ್ಕೆ ಸೇರಿದರೆ 'ಊರನ್ನು'. ವಕಾರಾಗಮ, ಯಕಾರಾಗಮ, ಲೋಪಗಳನ್ನು ಯಂತ್ರಕ್ಕೆ ಕಲಿಸದೆ ಪದವನ್ನು ಬದಲಾಯಿಸಿದರೆ ವಾಕ್ಯವು ಕೆಡುವುದು. ಕ್ರಿಯಾಪದವೂ ಕರ್ತೃವಿನ ಲಿಂಗವಚನಗಳನ್ನು ಅನುಸರಿಸಬೇಕು. ಆದುದರಿಂದ ಕನ್ನಡದಲ್ಲಿ ಅತ್ಯಂತ ಸರಳವಾದ ಯಂತ್ರರಚಿತ ಪಾಠಕ್ಕೂ ಸಂಧಿಪ್ರಕರಣ, ನಾಮಪ್ರಕರಣಗಳ ಜ್ಞಾನವು ಬೇಕಾಗುತ್ತದೆ. ಕೇಶಿರಾಜನ ಶಬ್ದಮಣಿದರ್ಪಣವನ್ನು ಓದಿದ ವಿದ್ಯಾರ್ಥಿಯು ಇಲ್ಲಿ ತಾಂತ್ರಿಕ ವಿದ್ಯಾಲಯದ ವಿದ್ಯಾರ್ಥಿಗೆ ಗುರುವಾಗಬಲ್ಲನು.

ಛಂದಸ್ಸಿನ ವಿಷಯದಲ್ಲಿ ಇದಕ್ಕೆ ವಿಪರೀತವಾದ ಅನುಕೂಲವುಂಟು. ಫ್ರೆಂಚ್ ಕವಿ ರೇಮೋ ಕೆನೋ ಅವರು ೧೯೬೧ರಲ್ಲಿ ಒಂದೇ ಅಂತ್ಯಪ್ರಾಸಗಳುಳ್ಳ ಹತ್ತು ಸುನೀತಗಳನ್ನು ರಚಿಸಿ, ಹದಿನಾಲ್ಕು ಸಾಲುಗಳನ್ನೂ ಬೇರೆಬೇರೆಯಾಗಿ ಕತ್ತರಿಸಿಟ್ಟರು; ಯಾವ ಸುನೀತದ ಯಾವ ಸಾಲನ್ನಾದರೂ ಅದರದೇ ಸ್ಥಾನದಲ್ಲಿ ಜೋಡಿಸಬಹುದಾದುದರಿಂದ ನೂರು ಲಕ್ಷ ಕೋಟಿ ಸುನೀತಗಳು ಸಾಧ್ಯವಾದುವು. ಕನ್ನಡದಲ್ಲಿ ಇದೇ ಪ್ರಯೋಗವನ್ನು ಕಂದಪದ್ಯದಲ್ಲಿ ಮಾಡಬಹುದು. ಕಂದದ ಒಂದನೆಯ, ಮೂರನೆಯ ಪಾದಗಳಿಗೆ ೧೨ ಮಾತ್ರೆ. ಎರಡನೆಯ, ನಾಲ್ಕನೆಯ ಪಾದಗಳಿಗೆ ೨೦ ಮಾತ್ರೆ. ಎಲ್ಲ ಪಾದಗಳಲ್ಲಿಯೂ ದ್ವಿತೀಯಾಕ್ಷರ ಪ್ರಾಸ. ಒಂದೇ ಪ್ರಾಸಾಕ್ಷರವುಳ್ಳ ಹತ್ತು ಕಂದಗಳನ್ನು, ಪ್ರತಿ ಪಾದದಲ್ಲಿಯೂ ವಾಕ್ಯವು ಪೂರ್ಣವಾಗುವಂತೆ ರಚಿಸಿದರೆ, ಪಾದಗಳ ವಿನಿಮಯದಿಂದ ಹತ್ತು ಸಾವಿರ ಕಂದಗಳು ಹೊರಡುತ್ತವೆ. ಕಷ್ಟವಿರುವುದು ಮಾತ್ರೆಗಳ ಎಣಿಕೆಯಲ್ಲಲ್ಲ, ಅದನ್ನು ಯಂತ್ರವು ಲೀಲೆಯಿಂದ ಮಾಡುವುದು. ಹತ್ತು ಸಾವಿರದಲ್ಲಿಯೂ ಅನ್ವಯವು ಕೂಡುವಂತೆ, ರಸವು ಒಡೆಯದಂತೆ ನಲವತ್ತು ಪಾದಗಳನ್ನು ಬರೆಯುವುದರಲ್ಲಿ. ಕಷ್ಟವು ಕವಿಯದಾಗಿಯೇ ಉಳಿಯುತ್ತದೆ.

೬. ಸಂರಕ್ಷಣೆ

ಪಾಠನಿರ್ಣಯಕ್ಕಿಂತಲೂ ಗುರುತರವಾದುದು ಪಾಠದ ಅಸ್ತಿತ್ವದ ಪ್ರಶ್ನೆ. ವೀರಸೇನಾಚಾರ್ಯರು ಕ್ರಿ. ಶ. ೮೧೬ರಲ್ಲಿ ಮುಗಿಸಿದ ಧವಲಾಟೀಕೆಯು ಹಳಗನ್ನಡ ಲಿಪಿಯ ಓಲೆಗಳಲ್ಲಿ ಮೂಡುಬಿದಿರೆಯಲ್ಲಿ ಉಳಿದುಬಂದಿತು. ದೀರ್ಘಕಾಲದವರೆಗೆ ಅದು ದರ್ಶನದ ವಸ್ತುವಾಗಿತ್ತೇ ಹೊರತು ಅಧ್ಯಯನದ ವಸ್ತುವಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿಲಿಪಿಕಾರ್ಯವು ಆರಂಭವಾಗಿ, ಆ ಪ್ರತಿಗಳ ಪರಂಪರೆಯಿಂದ ೧೯೩೯ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅಮರಾವತಿಯಿಂದ ಮೊದಲ ಸಂಪುಟವು ಅಚ್ಚಾಯಿತು. ಕ್ರಮೇಣ ಸಂಪುಟಗಳು ಹದಿನಾರಾದುವು. ಓಲೆಯನ್ನು ಕಾಪಾಡಿದವರ ಭಕ್ತಿಯೂ ಬೇಕಾಯಿತು, ಪ್ರತಿಮಾಡಿದವರ ಶ್ರಮವೂ ಬೇಕಾಯಿತು. ಒಂದಿಲ್ಲದೆ ಮತ್ತೊಂದು ವ್ಯರ್ಥವಾಗುತ್ತಿತ್ತು.

ಓಲೆಯು ಶತಮಾನಗಳನ್ನು ತಡೆದುಕೊಂಡಿತು. ವಿದ್ಯುನ್ಮಾನ ಕೃತಿಗಳಲ್ಲಿ ಹಲವು ಇಪ್ಪತ್ತು ವರ್ಷಗಳನ್ನೂ ತಡೆಯಲಿಲ್ಲ. ಫ್ಲ್ಯಾಷ್ ಎಂಬ ತಂತ್ರಾಂಶವನ್ನು ಆಶ್ರಯಿಸಿ ರಚಿತವಾದ ಚಲನಕಾವ್ಯಗಳು, ೨೦೨೦ರ ಡಿಸೆಂಬರ್ ೩೧ರಂದು ಅದಕ್ಕೆ ಅದರ ಒಡೆಯರ ಬೆಂಬಲವು ನಿಂತುಹೋದ ಮೇಲೆ, ಸಾಮಾನ್ಯ ಓದುಗನಿಗೆ ತೆರೆಯದಾದುವು. ಕನ್ನಡದಲ್ಲಿ ಇದರ ಅನುಭವವು ಇನ್ನೂ ಹತ್ತಿರದ್ದು. ಯೂನಿಕೋಡ್ ಸಂಕೇತವ್ಯವಸ್ಥೆಯಲ್ಲಿ ೧೯೯೧ರಲ್ಲಿಯೇ ಕನ್ನಡಕ್ಕೆ ಸ್ಥಾನವು ದೊರೆತಿದ್ದರೂ, ಬಹುಕಾಲ ಕನ್ನಡ ಬರವಣಿಗೆಯು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಅಚ್ಚುಮೊಳೆಗಳಿಂದ ನಡೆಯಿತು. ಆ ಅಚ್ಚುಮೊಳೆಯಿಲ್ಲದ ಯಂತ್ರದಲ್ಲಿ ಅಂತಹ ಕಡತವನ್ನು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲುಗಳು ಕಾಣುತ್ತವೆ. ಲಿಪಿಯನ್ನು ಬಲ್ಲವನಿಗೂ ಓದಲಾಗದ ಹಸ್ತಪ್ರತಿಯಂತೆ ಅದು ಇದ್ದೂ ಇಲ್ಲವಾಗುವುದು. ಕನ್ನಡ ಕೀಲಿಮಣೆಗೆ ತರ್ಕಬದ್ಧವಾದ ವಿನ್ಯಾಸವನ್ನು ಕೊಟ್ಟ ಕಿನ್ನಿಕಂಬಳ ಪದ್ಮನಾಭ ರಾಯರು ತಮ್ಮ ತಂತ್ರಾಂಶಕ್ಕೆ ಸೇಡಿಯಾಪು ಎಂದು ಹೆಸರಿಟ್ಟು ಛಂದಶ್ಶಾಸ್ತ್ರಜ್ಞರಾದ ಸೇಡಿಯಾಪು ಕೃಷ್ಣ ಭಟ್ಟರನ್ನು ಸ್ಮರಿಸಿದರು. ಯಂತ್ರವಿದ್ಯೆಯೂ ಅಕ್ಷರವಿದ್ಯೆಯೂ ಒಂದೇ ಜಿಲ್ಲೆಯಲ್ಲಿ ಕೈಗೂಡಿದುದಕ್ಕೆ ಇದು ಸಾಕ್ಷಿ. ೨೦೨೪ರಲ್ಲಿ ತುಳು-ತಿಗಳಾರಿ ಲಿಪಿಗೂ ಯೂನಿಕೋಡಿನಲ್ಲಿ ಸ್ಥಾನ ದೊರೆತಿರುವುದರಿಂದ ಆ ಲಿಪಿಯ ಓಲೆಗಳ ಪಾಠವನ್ನು ಅದರದೇ ಅಕ್ಷರಗಳಲ್ಲಿ ಯಂತ್ರಕ್ಕೆ ಏರಿಸಲು ಮಾರ್ಗವಾಗಿದೆ.

ವಿದ್ಯುನ್ಮಾನ ಕೃತಿಗಳನ್ನು ಉಳಿಸುವ ಉಪಾಯಗಳು ಮುಖ್ಯವಾಗಿ ನಾಲ್ಕು. ಮೂಲಯಂತ್ರವನ್ನೇ ಸುಸ್ಥಿತಿಯಲ್ಲಿಡುವುದು ಒಂದು. ಇದು ಓಲೆಯನ್ನು ಕಾಪಾಡಿದಂತೆ. ಹೊಸ ಯಂತ್ರದೊಳಗೆ ಹಳೆಯ ಯಂತ್ರದ ವರ್ತನೆಯನ್ನು ಅನುಕರಿಸುವುದು ಎರಡು. ಕೃತಿಯನ್ನು ಹೊಸ ಸಂಕೇತಕ್ಕೆ ಮಾರ್ಪಡಿಸುವುದು ಮೂರು. ಇದು ಪ್ರತಿಲಿಪಿಯಂತೆ, ಆದುದರಿಂದ ಲಿಪಿಕಾರನ ಸ್ಖಾಲಿತ್ಯಗಳಿಗೂ ಇಲ್ಲಿ ಎಡೆಯುಂಟು. ಮೂಲಯಂತ್ರದಲ್ಲಿ ಕರ್ತೃವೋ ಓದುಗರೋ ಕೃತಿಯನ್ನು ಓದುವುದನ್ನು ದೃಶ್ಯಧ್ವನಿಗಳಲ್ಲಿ ಮುದ್ರಿಸಿಡುವುದು ನಾಲ್ಕು. ಸ್ಟೂಅರ್ಟ್ ಮೌಲ್‌ತ್ರೊಪ್ ಮತ್ತು ಡೀನಿ ಗ್ರಿಗಾರ್ ಅವರು ಅಮೆರಿಕದಲ್ಲಿ ಆರಂಭಕಾಲದ ಕೃತಿಗಳನ್ನು ಈ ಕೊನೆಯ ವಿಧಾನದಿಂದ ದಾಖಲಿಸಿ, ೨೦೧೭ರಲ್ಲಿ ಅದರ ವಿವೇಚನೆಯನ್ನು ಪ್ರಕಟಿಸಿದರು. ಪಾಡ್ದನದ ಧ್ವನಿಮುದ್ರಣಕ್ಕೂ ಇದಕ್ಕೂ ಇರುವ ಸಾದೃಶ್ಯವು ಸ್ಪಷ್ಟವಾಗಿದೆ.

೭. ಬೋಧನಕ್ರಮ

ಪಾಶ್ಚಾತ್ಯ ವಿಶ್ವವಿದ್ಯಾನಿಲಯಗಳಲ್ಲಿ ಈ ಅಧ್ಯಯನವು ಎರಡು ಮೂಲಗಳಿಂದ ಬೆಳೆಯಿತು. ಅಮೆರಿಕದ ಬ್ರೌನ್ ವಿಶ್ವವಿದ್ಯಾನಿಲಯದಲ್ಲಿ ಜಾರ್ಜ್ ಲ್ಯಾಂಡೋ ಅವರು ಕೊಂಡಿಪಾಠವನ್ನು ಸಾಹಿತ್ಯಬೋಧನೆಗೆ ಸಾಧನವಾಗಿ ಬಳಸಿದರು. ಅಲ್ಲಿಯೇ ಕಾದಂಬರಿಕಾರ ರಾಬರ್ಟ್ ಕೂವರ್ ಅವರು ಅದನ್ನು ಸೃಷ್ಟಿಯ ಮಾಧ್ಯಮವಾಗಿ ವಿದ್ಯಾರ್ಥಿಗಳಿಗೆ ಕಲಿಸಿದರು. ೧೯೯೯ರಲ್ಲಿ ಎಲೆಕ್ಟ್ರಾನಿಕ್ ಲಿಟರೇಚರ್ ಆರ್ಗನೈಸೇಷನ್ ಎಂಬ ಸಂಸ್ಥೆಯು ಸ್ಥಾಪಿತವಾಗಿ, ೨೦೦೬, ೨೦೧೧, ೨೦೧೬, ೨೦೨೨ನೆಯ ಇಸವಿಗಳಲ್ಲಿ ಆಯ್ದ ಕೃತಿಗಳ ನಾಲ್ಕು ಸಂಪುಟಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಿತು. ತರಗತಿಗೆ ಬೇಕಾದ ಪಠ್ಯಸಾಮಗ್ರಿಯು ಇದರಿಂದ ಸುಲಭಲಭ್ಯವಾಗಿದೆ.

ಕನ್ನಡದ ಸ್ನಾತಕೋತ್ತರ ತರಗತಿಯಲ್ಲಿ ಈ ವಿಷಯವನ್ನು ಬೋಧಿಸುವುದಾದರೆ ಕ್ರಮವು ಹೀಗಿರಬಹುದು. ಮೊದಲು ಚಿತ್ರಕಾವ್ಯ ಮತ್ತು ಪಾಡ್ದನಗಳ ಮೂಲಕ ಚಲಪಾಠದ ಕಲ್ಪನೆಯನ್ನು ಪರಿಚಯಿಸುವುದು. ಅನಂತರ ಪ್ರತಿ ವಿದ್ಯಾರ್ಥಿಯೂ ಒಂದೇ ಕೃತಿಯನ್ನು ಎರಡು ಸಲ ಓದಿ, ತಾನು ಹಾದ ಖಂಡಗಳ ಅನುಕ್ರಮವನ್ನು ಬರೆದಿಡುವುದು. ಮೂರನೆಯದಾಗಿ ಈ ದಾಖಲೆಗಳನ್ನು ತರಗತಿಯಲ್ಲಿ ಹೋಲಿಸುವುದು. ಪಾಠಾಂತರಗಳನ್ನು ಹೋಲಿಸುವ ಗ್ರಂಥಸಂಪಾದಕನ ಅಭ್ಯಾಸವೇ ಇದು. ಎಲ್ಲರೂ ಹಾದ ಖಂಡಗಳಾವುವು, ಒಬ್ಬನೂ ತಲಪದ ಖಂಡಗಳಾವುವು ಎಂದು ತಿಳಿದಾಗ ಕವಿಯು ಕಟ್ಟಿದ ಹಂದರವು ಗೋಚರವಾಗುವುದು. ಕೊನೆಯಲ್ಲಿ ವಿದ್ಯಾರ್ಥಿಯು ಒಂದು ಸಣ್ಣ ಕೃತಿಯನ್ನು ತಾನೇ ರಚಿಸುವುದು. ಕ್ರಿಸ್ ಕ್ಲೈಮಸ್ ಅವರು ೨೦೦೯ರಲ್ಲಿ ನಿರ್ಮಿಸಿದ ಟ್ವೈನ್ ಎಂಬ ಸಾಧನವು ಉಚಿತವಾಗಿ ದೊರಕುತ್ತದೆ. ಯಂತ್ರಭಾಷೆಯನ್ನು ಕಲಿಯದವರೂ ಅದರಿಂದ ಕೊಂಡಿಕಥೆಯನ್ನು ಕಟ್ಟಬಹುದು. ಛಂದಸ್ಸನ್ನು ಕಲಿಯುವವನು ಒಂದೆರಡು ಕಂದಗಳನ್ನು ಬರೆದು ನೋಡಿದರೆ ಪೂರ್ವಕವಿಗಳ ಶ್ರಮವನ್ನು ಅರಿಯುವಂತೆ, ಕೊಂಡಿಗಳನ್ನು ಹೂಡಿ ನೋಡಿದವನೇ ಹೂಡಿದವರ ವಿವೇಕವನ್ನು ಬೆಲೆಕಟ್ಟಬಲ್ಲನು.

ಪ್ರಬಂಧಗಳಲ್ಲಿ ಉಲ್ಲೇಖದ ನಿಯಮವೂ ವ್ಯವಸ್ಥಿತವಾಗಬೇಕು. ಪುಟಸಂಖ್ಯೆಯಿಲ್ಲದ ಕೃತಿಯಲ್ಲಿ ಖಂಡದ ಹೆಸರು, ಕೃತಿಯ ಆವೃತ್ತಿ, ಓದಿದ ಯಂತ್ರ ಮತ್ತು ತಂತ್ರಾಂಶ, ಓದಿದ ದಿನಾಂಕ, ಹಾದುಬಂದ ಹಾದಿ ಇವಿಷ್ಟನ್ನು ಹೇಳದಿದ್ದರೆ ಪರೀಕ್ಷಕನು ವಿದ್ಯಾರ್ಥಿಯ ಮಾತನ್ನು ಪರಿಶೀಲಿಸಲಾರನು. ಪರಿಶೀಲಿಸಲಾಗದ ಮಾತು ಸಂಶೋಧನೆಯಾಗಲಾರದು.

೮. ಉಪಸಂಹಾರ

ಇಂತಹ ಕೃತಿಗಳಿಗೆ ಅಂತ್ಯವೇ ಇಲ್ಲದಿರುವಾಗ ರಸವು ಎಲ್ಲಿ ಪರಿಪಾಕಗೊಳ್ಳುವುದೆಂಬ ಆಕ್ಷೇಪವುಂಟು. ಆಕ್ಷೇಪವು ಲಘುವಾದುದಲ್ಲ; ಹಲವು ಕೃತಿಗಳು ಕೌತುಕದಲ್ಲಿಯೇ ಕೊನೆಗಾಣುವುದೂ ನಿಜ. ಆದರೆ ಅದಕ್ಕೆ ಸಮಾಧಾನವು ಕೃತಿಗಳನ್ನು ಒಂದೊಂದಾಗಿ ಓದಿ ತೂಗುವುದರಿಂದ ದೊರಕಬೇಕೇ ವಿನಾ ಪ್ರಕಾರವನ್ನೇ ತ್ಯಜಿಸುವುದರಿಂದ ದೊರಕದು. ಓದಬೇಕಾದರೆ ಕೃತಿಯು ಉಳಿದಿರಬೇಕು. ಧವಲದ ಓಲೆಗಳನ್ನು ಓದುವವರು ಬರುವವರೆಗೆ ಕಾಪಾಡಲು ಬಸದಿಯೊಂದಿತ್ತು. ಕನ್ನಡದಲ್ಲಿ ಗಣಕದ ಮೂಲಕವೇ ಹುಟ್ಟುವ ಕಥೆಕವಿತೆಗಳಿಗೆ ಆ ಆಶ್ರಯವನ್ನು ಕೊಡಬೇಕಾದುದು ವಿಶ್ವವಿದ್ಯಾನಿಲಯದ ಗ್ರಂಥಭಂಡಾರ. ಕೃತಿಯ ಒಂದು ಪ್ರತಿ, ಅದು ನಡೆಯುವ ತಂತ್ರಾಂಶ, ಒಬ್ಬ ಓದುಗನ ಓದಿನ ದಾಖಲೆ ಈ ಮೂರನ್ನು ಕೃತಿಯು ಹೊರಬಂದ ವರ್ಷದಲ್ಲಿಯೇ ಸಂಗ್ರಹಿಸಿಡುವುದು ಅಲ್ಪವ್ಯಯದ ಕಾರ್ಯ. ಇಪ್ಪತ್ತು ವರ್ಷಗಳ ಅನಂತರ ಅದು ಎಷ್ಟು ವ್ಯಯದಿಂದಲೂ ಸಾಧ್ಯವಾಗದೆ ಹೋಗಬಹುದು. ಗಣಕವನ್ನು ಬಲ್ಲ ತೋಡಾರಿನ ವಿದ್ಯಾರ್ಥಿಯೂ ಹಸ್ತಪ್ರತಿಯನ್ನು ಬಲ್ಲ ಮೂಡುಬಿದಿರೆಯ ವಿದ್ಯಾರ್ಥಿಯೂ ಒಂದೇ ಮೇಜಿನ ಎದುರು ಕುಳಿತರೆ ಈ ಕಾರ್ಯವು ಆರಂಭವಾದಂತೆಯೇ ಸರಿ.